ಮೂಕಿ ಚಿತ್ರಗಳ ಸಂಜೆಗೆ ಮೇರಿ ಪಿಕ್‌ಫೋರ್ಡ್ ಕಾಕ್‌ಟೇಲ್ ಮಾಡುವುದು ಹೇಗೆ? ತೀರಾ ಸಿಹಿಯಾಗುವುದೇಕೆ?

ಎಂಟು ಜನ ಸೇರಿ ಮೂಕಿ ಚಿತ್ರಗಳ ತಾರೆ ಮೇರಿ ಪಿಕ್‌ಫೋರ್ಡ್ ಸಿನಿಮಾ ನೋಡುತ್ತೀರಿ, ಆಕೆಯ ಹೆಸರಿನ ಕಾಕ್‌ಟೇಲನ್ನೇ ಮಾಡಬೇಕು, ಆದರೆ ಹಿಂದೆ ಮಾಡಿದ್ದು ಶರಬತ್ತಿನಂತಾಯಿತು ಎಂದು ಬರೆದಿದ್ದೀರಿ. ತಪ್ಪು ಹೆಚ್ಚಾಗಿ ಎರಡು ಕಡೆ ಆಗುತ್ತದೆ: ಡಬ್ಬದ ಅನಾನಸ್ ರಸ, ಕಣ್ಣಂದಾಜಿನಲ್ಲಿ ಸುರಿದ ಗ್ರೆನಡೀನ್ (ದಾಳಿಂಬೆಯ ಸಿಹಿ ಪಾಕ).

ಈ ಪೇಯ ಕ್ಯೂಬಾದ ರಾಜಧಾನಿ ಹವಾನಾದ್ದು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ಕುಡಿಯಬೇಕೆನಿಸಿದವರು ಹಡಗು ಹತ್ತಿ ಕ್ಯೂಬಾಕ್ಕೆ ಹೋಗುತ್ತಿದ್ದರು. ಪಿಕ್‌ಫೋರ್ಡ್ ಆಗ ಖ್ಯಾತಿಯ ತುತ್ತತುದಿಯಲ್ಲಿದ್ದರು. 1919ರಲ್ಲಿ ಚಾಪ್ಲಿನ್, ಡಗ್ಲಸ್ ಫೇರ್‌ಬ್ಯಾಂಕ್ಸ್, ನಿರ್ದೇಶಕ ಗ್ರಿಫಿತ್ ಜೊತೆ ಯುನೈಟೆಡ್ ಆರ್ಟಿಸ್ಟ್ಸ್ ಎಂಬ ಚಿತ್ರಸಂಸ್ಥೆ ಕಟ್ಟಿದವರು, ತಮ್ಮ ಮೊದಲ ಮಾತಿನ ಚಿತ್ರಕ್ಕೇ ಆಸ್ಕರ್ ಪಡೆದವರು. ಪರದೆಯ ಮೇಲೆ ಗುಂಗುರು ಕೂದಲಿನ ಹುಡುಗಿ, ಕಚೇರಿಯಲ್ಲಿ ಪೈಸೆ ಪೈಸೆಯ ಲೆಕ್ಕ ಬಲ್ಲ ನಿರ್ಮಾಪಕಿ. ಬರೀ ಗುಲಾಬಿ ಬಣ್ಣದ ಸಿಹಿನೀರು ಅಂಥವರಿಗೆ ಒಪ್ಪುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಒಂದು ಗ್ಲಾಸಿಗೆ ಅಳತೆ: ಬಿಳಿ ರಮ್ 45 ಮಿ.ಲೀ., ತಾಜಾ ಅನಾನಸ್ ರಸ 45, ಮರಸ್ಕೀನೊ ಲಿಕರ್ (ಚೆರ್ರಿಯ ಮದ್ಯ) 7.5, ಗ್ರೆನಡೀನ್ 5. ಎಂಟು ಜನಕ್ಕೆ ಕ್ರಮವಾಗಿ 360, 360, 60, 40. 1928ರಲ್ಲಿ ಅಚ್ಚಾದ ವಿಧಾನದಲ್ಲಿ ರಮ್ಮಿನ ಎರಡರಷ್ಟು ಅನಾನಸ್ ರಸವಿದೆ, ಮರಸ್ಕೀನೊ ಇಲ್ಲ. ನನಗೆ ಸಮಪಾಲೇ ಹಿತ. ರಮ್ಮಿನ ರುಚಿ ಹಣ್ಣಿನಡಿ ಮುಚ್ಚಿಹೋಗುವುದಿಲ್ಲ. ಕಪ್ಪು ರಮ್ ಮಾತ್ರ ಬೇಡ. ಅದರ ವೆನಿಲಾ, ಬೆಲ್ಲದ ವಾಸನೆ ಮರಸ್ಕೀನೊವನ್ನು ನುಂಗಿಬಿಡುತ್ತದೆ, ಬಣ್ಣವೂ ಕೆಸರಾಗುತ್ತದೆ.

ಅನಾನಸನ್ನು ಅಂದೇ ಹೆಚ್ಚಿ, ನೀರು ಹಾಕದೆ ಮಿಕ್ಸಿಯಲ್ಲಿ ತಿರುವಿ, ತೆಳು ಬಟ್ಟೆಯಲ್ಲಿ ಸೋಸಿ. ಎರಡು ಹಣ್ಣು ತಂದಿಡಿ, ಕಡಿಮೆ ಬೀಳದು. ತಾಜಾ ರಸವನ್ನು ಶೇಕ್ ಮಾಡಿದಾಗ ಮೇಲೆ ಬೆಳ್ಳಗೆ ದಟ್ಟ ನೊರೆ ಕಟ್ಟುತ್ತದೆ. ಈ ಪೇಯದ ಅಂದವೇ ಆ ನೊರೆ. ಹಣ್ಣು ತುಂಬಾ ಸಿಹಿಯಾಗಿದ್ದರೆ ಗ್ಲಾಸಿಗೆ ಒಂದು ಟೀ ಚಮಚ ನಿಂಬೆರಸ ಸೇರಿಸಿ. ಮೂಲದಲ್ಲಿ ಇಲ್ಲ, ಆದರೂ ಸಿಹಿ-ಹುಳಿಯ ಹದ ಸರಿಹೋಗುತ್ತದೆ.

ಗ್ರೆನಡೀನ್ ಎಂದು ಮಾರುವ ಎಷ್ಟೋ ಬಾಟಲಿಗಳಲ್ಲಿ ದಾಳಿಂಬೆಯೇ ಇರುವುದಿಲ್ಲ, ಬಣ್ಣ ಮತ್ತು ಸಕ್ಕರೆ ಅಷ್ಟೆ. ಮನೆಯಲ್ಲೇ ಮಾಡಿ. ಒಂದು ಲೋಟ ದಾಳಿಂಬೆ ರಸಕ್ಕೆ ಒಂದು ಲೋಟ ಸಕ್ಕರೆ, ಸಣ್ಣ ಉರಿಯಲ್ಲಿ ಕರಗುವವರೆಗೆ ಬಿಸಿ. ಕುದಿಸಿದರೆ ಜಾಮಿನ ರುಚಿ ಬರುತ್ತದೆ. ಕಾಳುಗಳನ್ನು ಮಿಕ್ಸಿಗೆ ಹಾಕಿ ನುಣ್ಣಗೆ ಅರೆದರೆ ಒಳಬೀಜ ಒಡೆದು ಕಹಿಯಾಗುತ್ತದೆ. ಬಟ್ಟೆಯಲ್ಲಿ ಕಟ್ಟಿ ಹಿಂಡುವುದೇ ವಾಸಿ. ಫ್ರಿಜ್ಜಿನಲ್ಲಿ ಎರಡು ವಾರ ಇಡಬಹುದು. ಹಾಕುವಾಗ ಅಳತೆ ಚಮಚವನ್ನೇ ಬಳಸಿ. ಬಣ್ಣ ನಸುಗುಲಾಬಿ ಇರಬೇಕು, ಕೆಂಪಾಯಿತೆಂದರೆ ಹೆಚ್ಚು ಬಿದ್ದಿದೆ.

ಮರಸ್ಕೀನೊ ಎಂದರೆ ಜಾಡಿಯಲ್ಲಿ ಬರುವ ಕೆಂಪು ಚೆರ್ರಿಯ ಪಾಕವಲ್ಲ. ಅದು ಕ್ರೊಯೇಷಿಯಾದ ದಾಲ್ಮೇಶಿಯಾ ಕರಾವಳಿಯ ಮರಾಸ್ಕಾ ಚೆರ್ರಿಯಿಂದ ಬಟ್ಟಿ ಇಳಿಸಿದ, ನೀರಿನಂತೆ ತಿಳಿಯಾದ ಮದ್ಯ. ಬೀಜದ ಕಾರಣಕ್ಕೆ ಸ್ವಲ್ಪ ಬಾದಾಮಿಯ ಘಮ. ಸಿಗದಿದ್ದರೆ ಬಿಟ್ಟೇಬಿಡಿ, ಪಾಕ ಸುರಿಯಬೇಡಿ.

ಶೇಕರಿನಲ್ಲಿ ಒಮ್ಮೆಗೆ ಎರಡು ಗ್ಲಾಸಿನಷ್ಟೇ ಹಾಕಿ. ತುಂಬಿಸಿದರೆ ಗಾಳಿಗೆ ಜಾಗವಿಲ್ಲದೆ ನೊರೆ ಬರುವುದಿಲ್ಲ. ಫ್ರೀಜರಿನಿಂದ ಆಗಷ್ಟೇ ತೆಗೆದ, ಇನ್ನೂ ನೀರೊಡೆಯದ ಐಸಿನ ತುಂಡು ಬೇಕು. ಕರಗಿ ಒದ್ದೆಯಾದ ಐಸ್ ಹಾಕಿದರೆ ಪೇಯ ತಣ್ಣಗಾಗುವ ಮೊದಲೇ ನೀರಾಗುತ್ತದೆ. 12 ಸೆಕೆಂಡು ಜೋರಾಗಿ ಕುಲುಕಿ, ಟೀ ಸೋಸುವ ಜರಡಿಯಲ್ಲಿ ಸೋಸಿ. ಶೇಕರ್ ಇಲ್ಲದಿದ್ದರೆ ಅಗಲ ಬಾಯಿಯ ಸ್ಟೀಲ್ ಬಾಟಲಿ ಆಗುತ್ತದೆ, ಆದರೆ ತಂಪಿಗೆ ಒಳಗಿನ ಗಾಳಿ ಕುಗ್ಗಿ ಮುಚ್ಚಳ ಕಚ್ಚಿಕೊಳ್ಳುತ್ತದೆ. ತುಂಬಾ ಬಿಗಿ ತಿರುಗಿಸಬೇಡಿ. ಕರಗಿದ ನೀರೂ ಸೇರಿ ಒಂದು ಪಾಲು ಸುಮಾರು 130 ಮಿ.ಲೀ. ಆಗುವುದರಿಂದ 150 ಮಿ.ಲೀ. ಹಿಡಿಸುವ, ಕೆಳಗೆ ಉದ್ದ ಹಿಡಿಯಿರುವ ಗ್ಲಾಸುಗಳನ್ನು ಮೊದಲೇ ಫ್ರೀಜರಿನಲ್ಲಿಡಿ.

ಅಲಂಕಾರಕ್ಕೆ ಚೆರ್ರಿ ವಾಡಿಕೆ. ಪಿಕ್‌ಫೋರ್ಡರ ಹೊಂಬಣ್ಣದ ಗುಂಗುರನ್ನು ನೆನಪಿಸುವಂತೆ ಕಿತ್ತಳೆ ಸಿಪ್ಪೆಯ ಸುರುಳಿ ಇಟ್ಟರೆ ಇನ್ನೂ ಚೆನ್ನ. ನಾಗಪುರ ಕಿತ್ತಳೆಯ ಸಡಿಲ ಸಿಪ್ಪೆ ಹರಿಯುತ್ತದೆ. ಗಟ್ಟಿ ಸಿಪ್ಪೆಯ ಮಾಲ್ಟಾ ತನ್ನಿ. ಒಳಗಿನ ಬಿಳಿ ಬಾರದಂತೆ ಉದ್ದಕ್ಕೆ ಹೆರೆದು, ಚಮಚದ ಹಿಡಿಗೆ ಸುತ್ತಿ, ಐಸ್ ನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಸುರುಳಿ ನಿಲ್ಲುತ್ತದೆ.

ಒಂದು ಗ್ಲಾಸಿನಲ್ಲಿ 30 ಮಿ.ಲೀ. ಪೆಗ್ಗಿನ ಹತ್ತಿರಹತ್ತಿರ ಒಂದೂಮುಕ್ಕಾಲರಷ್ಟು ಮದ್ಯವಿದೆ, ಅನಾನಸ್ ಅದನ್ನು ಮರೆಸುತ್ತದೆ. ಸಿನಿಮಾಕ್ಕೆ ಮೊದಲು ಊಟ ಬಡಿಸಿ, ಗಾಡಿ ಓಡಿಸುವವರಿಗೆ ಕೊಡಬೇಡಿ. ಅವರಿಗೆ ಅನಾನಸ್ ರಸ 90, ನಿಂಬೆರಸ 10, ಗ್ರೆನಡೀನ್ 5 ಇದೇ ರೀತಿ ಕುಲುಕಿ ಕೊಟ್ಟರೆ ನೊರೆಯೂ ಬಣ್ಣವೂ ಬರುತ್ತವೆ.