ಹಳ್ಳದ ನೀರಲ್ಲಿ ತಾಮ್ರ ಸಿಗಲಿಲ್ಲ ಅಂದ್ರೆ

ಮೂಡಿಗೆರೆ ತೋಟದ ಕೆಳಗಿನ ಹಳ್ಳದ ನೀರಲ್ಲಿ ತಾಮ್ರ ಬರಲಿಲ್ಲ, ಹಾಗಾದ್ರೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಸಿಂಪಡಣೆಯಿಂದ ಹಳ್ಳಕ್ಕೆ ಏನೂ ಸೇರ್ತಿಲ್ವಾ ಅಂತ ಕೇಳಿದ್ದೀರಿ. ಹಾಗೆ ಹೇಳೋಕಾಗಲ್ಲ. ಮೈಲುತುತ್ತದ ತಾಮ್ರ ನೀರಲ್ಲಿ ಕರಗಿ ಉಳಿಯೋದು ಕಮ್ಮಿ. ಜೇಡಿಗೆ, ಕೊಳೆತ ಎಲೆಗೆ ಅಂಟಿ ತಳ ಸೇರುತ್ತೆ. ಹರಿವು ನಿಧಾನ ಆಗೋ ತಿರುವಿನಲ್ಲಿ ಮೇಲಿನ 2 ಸೆಂ.ಮೀ. ಕೆಸರನ್ನ ಪ್ಲಾಸ್ಟಿಕ್ ಚಮಚದಲ್ಲಿ ತೆಗೆದು, 63 ಮೈಕ್ರಾನ್ ನೈಲಾನ್ ಜರಡಿಯಲ್ಲಿ ಸೋಸಿ, ಕೆಳಗಿಳಿದ ನುಣ್ಣನೆ ಕೆಸರನ್ನ ಪರೀಕ್ಷೆಗೆ ಕೊಡಿ. ಹಿತ್ತಾಳೆ ಜರಡಿ ಬೇಡ, ಅದರಲ್ಲೇ ತಾಮ್ರ ಇದೆ! ಹೋಲಿಸೋಕೆ ತೋಟಕ್ಕಿಂತ ಮೇಲಿನ ಕೆಸರೂ ಬೇಕು. ಎರಡರಲ್ಲೂ ಅಲ್ಯುಮಿನಿಯಂ (ಜೇಡಿ ಎಷ್ಟಿದೆ ಅಂತ ಅದು ತೋರಿಸುತ್ತೆ) ಅಳೆಸಿ, ತಾಮ್ರದ ಜೊತೆ ಅನುಪಾತ ನೋಡಿ; ಬರೀ ತಾಮ್ರ ನೋಡಿದ್ರೆ ಜೇಡಿ ಹೆಚ್ಚಿರೋ ಕಡೆ ಸುಮ್ಮನೆ ಜಾಸ್ತಿ ಕಾಣುತ್ತೆ.

ನೀರನ್ನೂ ಮತ್ತೆ ಪರೀಕ್ಷೆಗೆ ಕೊಡೋದಾದ್ರೆ ಸಿಂಪಡಣೆ ಆದಮೇಲಿನ ಮೊದಲ ಜೋರು ಮಳೆಗೆ ಹಿಡೀರಿ. ಅಲ್ಲೇ 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಆಮೇಲಷ್ಟೇ ಶುದ್ಧ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ. ಆಮ್ಲ ಮೊದಲು ಬಿದ್ರೆ ಮಣ್ಣಿನ ತಾಮ್ರವೂ ಬಿಟ್ಕೊಂಡು ಲೆಕ್ಕಕ್ಕೆ ಬರುತ್ತೆ.