ಟರ್ಮಿನಲ್‌ನ್ಯಾಗ ಸಾಯೋ ಸರ್ವರ್ ಸಿಸ್ಟಮ್‌ಡಿ ಕೆಳಗ ಯಾಕ ಸಾಯಂಗಿಲ್ಲ?

ಅರ್ಧ ಉತ್ತರ ನಿಮ್ಮ ಪ್ರಶ್ನೆಯೊಳಗ ಐತ್ರಿ. ನಿಮ್ಮದು ಬ್ಯಾಡಗಿ ಮಾರ್ಕೆಟ್‌ನ ಮೆಣಸಿನಕಾಯಿ ದರ ಹುಬ್ಬಳ್ಳಿ, ಗದಗಿನ ಅಂಗಡಿಗಳಿಗೆ ಕಳಸೋ ಸರ್ವರ್, ಸಿ ಭಾಷೆಯೊಳಗ ಬರೆದ ಪ್ರೋಗ್ರಾಂ. ಲಿನಕ್ಸ್ ಟರ್ಮಿನಲ್‌ನಿಂದ ಓಡಿಸಿದ್ರ ಲಾಗ್ ಇಲ್ಲ, ಕೋರ್ (ಸಾಯೋ ಹೊತ್ತಿನ ಮೆಮರಿ ನಕಲು ಫೈಲ್) ಇಲ್ಲ, ಗಪ್‌ಚುಪ್ ಸಾಯತೈತಿ. ಸಿಸ್ಟಮ್‌ಡಿ (ಲಿನಕ್ಸ್‌ನ್ಯಾಗ ಸರ್ವಿಸ್ ಓಡಸೋ ಪ್ರೋಗ್ರಾಂ) ಕೆಳಗ ಸರ್ವಿಸ್ ಮಾಡಿದ್ರ ಸಾಯಂಗಿಲ್ಲ ಅಂದ್ರಿ. ಇದು ಸಿಗ್‌ಪೈಪ್, ಅಂದ್ರ ಮುಚ್ಚಿದ ಕನೆಕ್ಷನ್‌ಗೆ ಬರೆದ್ರ ಕರ್ನಲ್ ಪ್ರೋಗ್ರಾಂಗೆ ಕೊಡೋ ಸಿಗ್ನಲ್.

ಅಂಗಡಿಯವರು ಆ್ಯಪ್ ಮುಚ್ಚಿದ ಮ್ಯಾಲೆ ನೀವು ಮೊದಲ ಸಲ ಬರೆದದ್ದು ಹೋಗತೈತಿ, ಆ ಕಡೆಯಿಂದ ಆರ್‌ಎಸ್‌ಟಿ (ಕನೆಕ್ಷನ್ ಇಲ್ಲ ಅಂತ ಹೇಳೋ ಟಿಸಿಪಿ ಪ್ಯಾಕೆಟ್) ಬರತೈತಿ. ಅದು ಬಂದ ಮ್ಯಾಲೆ ಮತ್ತ ಬರೆದ್ರ ಕರ್ನಲ್ ಸಿಗ್ನಲ್ 13, ಅಂದ್ರ ಸಿಗ್‌ಪೈಪ್ ಕೊಡತೈತಿ. ಡಿಫಾಲ್ಟ್ ಪ್ರಕಾರ ಅದು ಪ್ರೋಸೆಸ್ ಮುಗಸತೈತಿ, ಕೋರ್ ಬರೆಯಂಗಿಲ್ಲ. ಸಿಸ್ಟಮ್‌ಡಿಯೊಳಗ ಇಗ್ನೋರ್‌ಸಿಗ್‌ಪೈಪ್ ಅನ್ನೋ, ಈ ಸಿಗ್ನಲ್ ಕಡೆಗಣಿಸೋ ಸೆಟ್ಟಿಂಗ್ ಮೊದಲಿಂದ್ಲೇ ಆನ್ ಇರತೈತಿ, ಅದಕ್ಕ ಅಲ್ಲಿ ಉಳೀತು.

ಖಾತ್ರಿ ಮಾಡ್ಕೊಳ್ಳಾಕ ಪ್ರೋಗ್ರಾಂ ಓಡಸ್ರಿ (ಕೊನಿಗೆ & ಹಾಕಬ್ಯಾಡ್ರಿ), ಸತ್ತ ಕೂಡಲೇ ಅದೇ ಶೆಲ್‌ನ್ಯಾಗ ಎಕೋ $? ಹೊಡೀರಿ. 141 ಬಂದ್ರ, ಅಂದ್ರ 128ಕ್ಕ 13 ಕೂಡಿಸಿದ್ದು, ಇದೇ ಖರೆ. 139 ಬಂದ್ರ ಸೆಗ್‌ಫಾಲ್ಟ್ (ತನ್ನದಲ್ಲದ ಮೆಮರಿ ಮುಟ್ಟಿದ್ದು), ಅದು ಬ್ಯಾರೆ ದಾರಿ. 137 ಬಂದ್ರ ಬಲವಂತಾಗಿ ಕೊಂದದ್ದು, ಡಿಮೆಸ್ಜಿ (ಕರ್ನಲ್ ಮೆಸೇಜ್ ತೋರಸೋ ಕಮಾಂಡ್) ಒಳಗ ಔಟ್ ಆಫ್ ಮೆಮರಿ ಹುಡಕ್ರಿ. ಜಿಡಿಬಿ ಅನ್ನೋ ಡೀಬಗರ್‌ನೊಳಗ ಓಡಿಸಿದ್ರ ಸಿಗ್‌ಪೈಪ್ ಬಂದಲ್ಲೇ ನಿಲ್ಲತೈತಿ. ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್‌ನಿಂದ ಯಾವುದು ಕರೆದದ್ದು ಅನ್ನೋ ಪಟ್ಟಿ) ತಗದ್ರ ಯಾವ ರೈಟ್ ಕರೆ ಅಂತ ಗೊತ್ತಾಗತೈತಿ.

ಮೇನ್ ಶುರುವಿನ್ಯಾಗ ಸಿಗ್‌ಪೈಪ್‌ಗೆ ಸಿಗ್_ಇಗ್ನ್ (ಕಡೆಗಣಿಸು ಅಂತ) ಹಾಕ್ರಿ. ರೈಟ್ ಬದಲಿ ಸೆಂಡ್ ಬಳಸಿ ಎಂಎಸ್‌ಜಿ_ನೋಸಿಗ್ನಲ್ (ಆ ಕರೆಗಷ್ಟ ಸಿಗ್ನಲ್ ಬ್ಯಾಡ ಅನ್ನೋ ಫ್ಲ್ಯಾಗ್) ಕೊಟ್ರೂ ನಡೀತೈತಿ, ಲೈಬ್ರರಿ ಬರೆಯೋರಿಗೆ ಅದ ಚಲೋ, ನಿಮಗ ಮೊದಲಿನದು ಸಾಕು. ಫೋರ್ಕ್ ಮಾಡಿ (ಮಗು ಪ್ರೋಸೆಸ್ ಹುಟ್ಟಿಸಿ) ಅದರೊಳಗ ಬ್ಯಾರೆ ಪ್ರೋಗ್ರಾಂ ಎಕ್ಸೆಕ್ ಮಾಡತಿದ್ರ (ಓಡಸತಿದ್ರ) ಮಾತ್ರ, ಎಕ್ಸೆಕ್‌ಗಿಂತ ಮೊದಲ ಮಗು ಪ್ರೋಸೆಸ್‌ನ್ಯಾಗ ಸಿಗ್_ಡಿಎಫ್‌ಎಲ್‌ಗೆ (ಡಿಫಾಲ್ಟ್‌ಗೆ) ತಿರುಗಿಸ್ರಿ; ಇಲ್ಲಾಂದ್ರ ಇಗ್ನೋರ್ ಅಲ್ಲಿಗೂ ದಾಟತೈತಿ.

ಇಷ್ಟಕ್ಕ ಬಿಟ್ರ ಮುಂದ ತ್ರಾಸು. ಈಗ ರೈಟ್ -1 ಕೊಡತೈತಿ, ಎರ್‌ನೋ (ತಪ್ಪಿನ ನಂಬರ್ ಇಡೋ ವೇರಿಯಬಲ್) ಇಪೈಪ್, ಅಂದ್ರ ಆ ಕಡೆ ಮುಚ್ಚೈತಿ ಅಂತ, ಇರತೈತಿ. ಅದನ್ನ ನೋಡಿ ಸಾಕೆಟ್ ಕ್ಲೋಸ್ ಮಾಡ್ಲಿಲ್ಲ ಅಂದ್ರ ಡಿಸ್ಕ್ರಿಪ್ಟರ್ (ತೆರೆದ ಫೈಲ್, ಸಾಕೆಟ್‌ಗೆ ಕರ್ನಲ್ ಕೊಡೋ ನಂಬರ್) ಸೋರತಾವ; ಸಾಮಾನ್ಯವಾಗಿ ಇರೋ 1024ರ ಮಿತಿ ತುಂಬಿದ್ರ ಹೊಸ ಕನೆಕ್ಷನ್ ತಗೊಳ್ಳೋ ಅಕ್ಸೆಪ್ಟ್, ಇಎಂಫೈಲ್ (ತೆರೆದ ಫೈಲ್ ಮಿತಿ ಮೀರೈತಿ) ಅಂತ ಕುಂದರತೈತಿ. ಸಿಸ್ಟಮ್‌ಡಿ ಕೆಳಗ ಆರಾಮ ಐತಿ ಅಂತ ನೀವು ಅನ್ನೋ ಸರ್ವಿಸ್‌ನ್ಯಾಗ ಇದು ಆಗಲೇ ನಡದಿರಬೇಕು ಅಂತ ನನ್ನ ಗುಮಾನಿ. ಅದರ ಪಿಐಡಿ (ಪ್ರೋಸೆಸ್ ನಂಬರ್) ಹಾಕಿ /ಪ್ರಾಕ್/ಪಿಐಡಿ/ಎಫ್‌ಡಿ ಒಳಗ ಎಷ್ಟು ಅದಾವ ಎಣಿಸ್ರಿ.

ಅಂಗಡ್ಯಾಗ ಕರೆಂಟ್ ಹೋದ್ರ ಲೆಕ್ಕನ ಬ್ಯಾರೆ. ಕನೆಕ್ಷನ್ ಮುಗೀತು ಅಂತ ಹೇಳೋ ಎಫ್‌ಐಎನ್ನೂ ಬರಂಗಿಲ್ಲ, ಆರ್‌ಎಸ್‌ಟಿನೂ ಬರಂಗಿಲ್ಲ. ಬಫರ್ ತುಂಬೋ ತನಕ ರೈಟ್ ಎಲ್ಲಾ ಸರಿ ಅಂತಲೇ ಹೇಳತೈತಿ. ಉತ್ತರ ಬರದಿದ್ರ ಎಷ್ಟು ಸಲ ಮತ್ತ ಕಳಸಬೇಕು ಅನ್ನೋ ಟಿಸಿಪಿ_ರಿಟ್ರೈಸ್2 ಡಿಫಾಲ್ಟ್ 15 ಇರೋದರಿಂದ ಕರ್ನಲ್ ಕೈಬಿಡಾಕ ಸುಮಾರು 15 ನಿಮಿಷ ಬೇಕು. ಸುಮ್ಮನಿರೋ ಕನೆಕ್ಷನ್ ಜೀವಂತ ಐತಿ ಇಲ್ಲ ಅಂತ ಪರೀಕ್ಷೆ ಮಾಡೋ ಕೀಪ್‌ಅಲೈವ್ ನೆಚ್ಚಬ್ಯಾಡ್ರಿ, ಅದರ ಡಿಫಾಲ್ಟ್ 7200 ಸೆಕೆಂಡ್. ಸಾಕೆಟ್‌ಗೆ ಟಿಸಿಪಿ_ಯೂಸರ್_ಟೈಮ್‌ಔಟ್ (ಉತ್ತರಕ್ಕ ಎಷ್ಟೊತ್ತು ಕಾಯಬೇಕು ಅನ್ನೋದು) 30000 ಕೊಡ್ರಿ. ಅದು ಮಿಲಿಸೆಕೆಂಡ್, 30 ಅಂತ ಕೊಟ್ಟು ಚಲೋ ಇರೋ ಕನೆಕ್ಷನ್ ಎಲ್ಲಾ ಕಡಕೊಂಡೀರಿ.