ಬೇಲಿಯ ಆಚೆ ಈಚೆ ಎರಡು ತೆರಿಗೆ ಚೀಟಿ

ನೀವು ಕೇಳಿದ್ದು ಇಷ್ಟು: ಅಮೆರಿಕದಲ್ಲಿ ಬೇಬಿ ಬೂಮರ್‌ಗಳು ಅಂದರೆ ಹುಡುಗರಿಗೆ ಯಾಕಷ್ಟು ಸಿಟ್ಟು? ನಿಜವಾಗಿಯೂ ವ್ಯತ್ಯಾಸ ಇದೆಯಾ, ಇಲ್ಲ ಮುದುಕರು-ಹುಡುಗರ ಹಳೇ ಜಗಳಕ್ಕೆ ಹೊಸ ಹೆಸರಾ?

ಎರಡೂ ಹೌದು. ಆದರೆ ಜನ ಜಗಳ ಆಡುವ ಜಾಗ ಬೇರೆ, ವ್ಯತ್ಯಾಸ ಇರುವ ಜಾಗ ಬೇರೆ. ನಾನು ಹನ್ನೆರಡು ವರ್ಷದಿಂದ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಹುಟ್ಟಿದ್ದು 1988. ಆಫೀಸಿನಲ್ಲಿ ನನ್ನ ಮ್ಯಾನೇಜರ್ ಬೂಮರ್. ಪಕ್ಕದ ಮನೆಯ ಗಂಡ-ಹೆಂಡತಿ ಬೂಮರ್. ನನ್ನ ಕೈಕೆಳಗೆ ಕೆಲಸ ಮಾಡುವ ಹುಡುಗಿ 2000ದಲ್ಲಿ ಹುಟ್ಟಿದವಳು. ನಡುವೆ ನಾನು ಒಂಥರಾ ದುಭಾಷಿ.

ಪದದ ವಿಷಯ ಬೇಗ ಮುಗಿಸುತ್ತೇನೆ. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಬಂದರು. ಮದುವೆಗಳಾದವು, ಮಕ್ಕಳಾದವು. 1946ರಿಂದ 1964ರವರೆಗೆ ಅಮೆರಿಕದಲ್ಲಿ ಸುಮಾರು 7.6 ಕೋಟಿ ಮಕ್ಕಳು ಹುಟ್ಟಿದರು. 1957 ಒಂದೇ ವರ್ಷ ಸುಮಾರು 43 ಲಕ್ಷ. 1960ರಲ್ಲಿ ಗರ್ಭನಿರೋಧಕ ಮಾತ್ರೆಗೆ ಸರ್ಕಾರದ ಒಪ್ಪಿಗೆ ಸಿಕ್ಕಿತು. 1965ರಲ್ಲಿ ಸಂಖ್ಯೆ 40 ಲಕ್ಷಕ್ಕಿಂತ ಕೆಳಗೆ ಇಳಿಯಿತು. ಆ ಹತ್ತೊಂಬತ್ತು ವರ್ಷದ ಬೆಳೆಯೇ ಬೂಮರ್‌ಗಳು. ಅವರ ನಂತರ 1980ರವರೆಗೆ ಹುಟ್ಟಿದವರು ಜೆನ್ ಎಕ್ಸ್, 1996ರವರೆಗೆ ಮಿಲೆನಿಯಲ್, 2012ರವರೆಗೆ ಜೆನ್ ಝೀ. ಜೆನ್ ಎಕ್ಸ್‌ನವರನ್ನು ಈ ಜಗಳದಲ್ಲಿ ಯಾರೂ ಮಾತಾಡಿಸುವುದಿಲ್ಲ. ನಾನೂ ಮಾತಾಡಿಸುತ್ತಿಲ್ಲ, ಕ್ಷಮೆ ಇರಲಿ.

ಮೊದಲು ಜಗಳದ ಜಾಗ. ಹೋದ ವರ್ಷ ಒಂದು ಸಂಜೆ ಆ ಹುಡುಗಿ ನನ್ನ ಮೇಜಿನ ಹತ್ತಿರ ಬಂದಳು. ಮುಖ ಸಪ್ಪಗಾಗಿತ್ತು. ಮೊಬೈಲ್ ತೋರಿಸಿದಳು. ಅವಳು ಕಳಿಸಿದ ವರದಿಗೆ ಮ್ಯಾನೇಜರ್ ಕೊಟ್ಟ ಉತ್ತರ: "ಓಕೆ. ನೋಡುತ್ತೇನೆ..." ಅಷ್ಟೇ. "ನಾನೇನಾದ್ರೂ ತಪ್ಪು ಮಾಡಿದ್ನಾ?" ಅಂತ ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಅವಳ ಕಣ್ಣಿಗೆ ಓಕೆ ಆದಮೇಲಿನ ಚುಕ್ಕಿ ಸಿಟ್ಟು, ಕೊನೆಯ ಮೂರು ಚುಕ್ಕಿ ಬೆದರಿಕೆ. ಮ್ಯಾನೇಜರ್‌ಗೆ ಆ ಮೂರು ಚುಕ್ಕಿ ಸುಮ್ನೆ ಉಸಿರು ತೆಗೆದುಕೊಳ್ಳುವ ಜಾಗ. ಅವರು ಕಾಗದ ಬರೆದು ಬೆಳೆದವರು. ವಾಕ್ಯ ಮುಗಿದರೆ ಚುಕ್ಕಿ ಇಡಬೇಕು, ಇಲ್ಲದಿದ್ದರೆ ಟೀಚರ್ ಮಾರ್ಕ್ಸ್ ಕಳೆಯುತ್ತಿದ್ದರು. ಇವಳಿಗೆ ಮೆಸೇಜ್ ಕಳಿಸಿದರೆ ವಾಕ್ಯ ಮುಗಿದ ಹಾಗೆ. ಅದರ ಮೇಲೂ ಯಾರಾದರೂ ಚುಕ್ಕಿ ಇಟ್ಟರೆ, ಬೇಕಂತಲೇ ಇಟ್ಟಿದ್ದಾರೆ ಅಂತ ಅರ್ಥ. ಹೆಬ್ಬೆರಳಿನ ಚಿತ್ರದ ಕಥೆಯೂ ಹಾಗೇ. ಅವರಿಗೆ ಅದು ಭೇಷ್. ಇವಳಿಗೆ "ಸಾಕು, ಹೋಗು".

ಫೋನ್ ವಿಷಯದಲ್ಲಿ ತಿರುಗಾಮುರುಗಾ. ಮ್ಯಾನೇಜರ್ ಏನಾದರೂ ಮುಖ್ಯ ಇದ್ದರೆ ನೇರ ಫೋನ್ ಮಾಡುತ್ತಾರೆ. ಎತ್ತದಿದ್ದರೆ ವಾಯ್ಸ್‌ಮೇಲ್ ಬಿಡುತ್ತಾರೆ. ಅವರ ಪ್ರಕಾರ ಅದು ಮರ್ಯಾದೆ. ಮೆಸೇಜ್ ಹಾಕದೆ, ಸಮಯ ಕೊಟ್ಟು ಮಾತಾಡುತ್ತಿದ್ದೇನೆ ಅಂತ. ಇವಳ ಪ್ರಕಾರ ಮುಂಚೆ ಹೇಳದೆ ಫೋನ್ ಮಾಡುವುದು ಅಂದರೆ ಬಾಗಿಲು ತಟ್ಟದೆ ಒಳಗೆ ನುಗ್ಗಿದ ಹಾಗೆ. ಅವರು ಹುಡುಗರಾಗಿದ್ದಾಗ ಇಡೀ ಮನೆಗೆ ಗೋಡೆಯ ಮೇಲೊಂದು ಫೋನ್. ದೂರದ ಊರಿಗೆ ಮಾತಾಡಿದರೆ ನಿಮಿಷದ ಲೆಕ್ಕದಲ್ಲಿ ದುಡ್ಡು. ಗಂಟೆ ಬಾರಿಸಿದರೆ ಓಡಿ ಬಂದು ಎತ್ತಬೇಕು, ಯಾರು ಅಂತ ಎತ್ತಿದ ಮೇಲೇ ಗೊತ್ತಾಗುವುದು. ಇಬ್ಬರೂ ಮರ್ಯಾದೆಯನ್ನೇ ಪಾಲಿಸುತ್ತಿದ್ದಾರೆ, ಅವರವರ ಮೂಗಿನ ನೇರಕ್ಕೆ. ಇದು ಎರಡು ಕಪ್ ಕಾಫಿಯಲ್ಲಿ ಬಗೆಹರಿಯುವ ಜಗಳ. ನಮ್ಮಲ್ಲಿ ಬಗೆಹರಿಯಿತು ಕೂಡ.

ಬಗೆಹರಿಯದ್ದು ಬೇರೆ ಇದೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಮರದ ಬೇಲಿ. ಎರಡೂ ಮನೆ ಒಂದೇ ಅಳತೆ, ಒಂದೇ ವರ್ಷ ಕಟ್ಟಿದ್ದು. ಅವರು ತಮ್ಮದನ್ನು 1979ರಲ್ಲಿ 90,000 ಡಾಲರ್‌ಗೆ ಕೊಂಡರು. ನಾನು ನಮ್ಮದನ್ನು 2021ರಲ್ಲಿ 12 ಲಕ್ಷ ಡಾಲರ್‌ಗೆ ಕೊಂಡೆ. ವರ್ಷಕ್ಕೆ ಅವರು ಕಟ್ಟುವ ಆಸ್ತಿ ತೆರಿಗೆ ಸುಮಾರು 2,500 ಡಾಲರ್. ನಾನು ಕಟ್ಟುವುದು ಸುಮಾರು 14,000. ಒಂದೇ ರಸ್ತೆ, ಒಂದೇ ಬೀದಿದೀಪ, ಬೆಂಕಿ ಬಿದ್ದರೆ ಇಬ್ಬರ ಮನೆಗೂ ಬರುವುದು ಒಂದೇ ಫೈರ್ ಎಂಜಿನ್.

ಇದಕ್ಕೆ ಕಾರಣ 1978ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಗೆಲ್ಲಿಸಿದ ಪ್ರಾಪೊಸಿಷನ್ 13, ಅಂದರೆ ಜನರೇ ನೇರವಾಗಿ ಮತ ಹಾಕಿ ತಂದ ತೆರಿಗೆ ನಿಯಮ. ಮನೆಯ ಲೆಕ್ಕದ ಬೆಲೆಯ ಮೇಲೆ ಮೂಲ ತೆರಿಗೆ ಶೇ 1. ಆ ಲೆಕ್ಕದ ಬೆಲೆಯನ್ನು ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರಿಸುವಂತಿಲ್ಲ, ಮಾರುಕಟ್ಟೆಯಲ್ಲಿ ಮನೆ ಎಷ್ಟಕ್ಕಾದರೂ ಹೋಗಲಿ. ಮನೆ ಕೈ ಬದಲಾದಾಗ ಲೆಕ್ಕ ಕೊಂಡ ಬೆಲೆಯಿಂದ ಹೊಸದಾಗಿ ಶುರು. ಅಂದರೆ ಮೊದಲು ಬಂದು ಕೂತವನಿಗೆ ಕೂತಷ್ಟೂ ಲಾಭ. ತಡವಾಗಿ ಬಂದವನು ಪಂಕ್ತಿಯ ಖರ್ಚೆಲ್ಲ ಹೊರಬೇಕು.

ಮೊದಲ ತೆರಿಗೆ ಚೀಟಿ ಬಂದ ದಿನ ನನಗೂ ಉರಿಯಿತು. "ಇವರೆಲ್ಲ ಸೇರಿ ಏಣಿ ಹತ್ತಿ ಏಣಿ ಎಳೆದುಕೊಂಡರು" ಅಂತ ಹೆಂಡತಿಯ ಮುಂದೆ ಕೂಗಾಡಿದೆ. ಆಮೇಲೆ ಲೆಕ್ಕ ಹಾಕಿ ನೋಡಿದರೆ, 1978ರಲ್ಲಿ ಬೂಮರ್‌ಗಳ ವಯಸ್ಸು 14ರಿಂದ 32. ಅರ್ಧಕ್ಕರ್ಧ ಜನರಿಗೆ ಸ್ವಂತ ಮನೆ ಇರಲಿ, ಸ್ವಂತ ಕಾರೂ ಇದ್ದಿರಲಾರದು. ಈ ನಿಯಮಕ್ಕಾಗಿ ಹೋರಾಡಿದ ಹೋವರ್ಡ್ ಜಾರ್ವಿಸ್ ಹುಟ್ಟಿದ್ದು 1903ರಲ್ಲಿ. ಮನೆ ಬೆಲೆ ಏರಿ ತೆರಿಗೆ ಕಟ್ಟಲಾಗದೆ ಒದ್ದಾಡುತ್ತಿದ್ದ ಅಂದಿನ ಮುದುಕರ ಹೆಸರಲ್ಲಿ ಬಂದ ನಿಯಮ ಅದು. ಅಂದಿನ ಹುಡುಗರು ಅದೇ ನಿಯಮದೊಳಗೆ ಕೂತು ಮುದುಕರಾದರು. ಸಂಚು ಅನ್ನುವುದಕ್ಕಿಂತ ಸಾಲಿನಲ್ಲಿ ಮುಂದೆ ನಿಂತಿದ್ದರು ಅನ್ನಬಹುದು.

ಆ ಪಕ್ಕದ ಮನೆಯ ಯಜಮಾನರ ಬಗ್ಗೆ ಸ್ವಲ್ಪ ಹೇಳಬೇಕು. ಅವರಿಗೆ 75. "ಹೆಸರು ಹಿಡಿದು ಕರಿ" ಅನ್ನುತ್ತಾರೆ, ನನ್ನ ನಾಲಿಗೆ ತಿರುಗುವುದಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೆಸರು ಕರೆಯದೆ "ಹಲೋ" ದಲ್ಲೇ ಕಾಲ ತಳ್ಳಿದ್ದೇನೆ. ಈಗ ಸಿಲಿಕಾನ್ ವ್ಯಾಲಿ ಅನ್ನುವ ಜಾಗ ಅವರ ಹುಡುಗುತನದಲ್ಲಿ ಹಣ್ಣಿನ ತೋಟ. ಬೇಸಿಗೆಯಲ್ಲಿ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದು, ಆ ದುಡ್ಡಿನಲ್ಲೇ ರಾಜ್ಯದ ಕಾಲೇಜಿನ ಫೀಸು ಕಟ್ಟಿದ್ದರಂತೆ. ಇದನ್ನು ನಮ್ಮ ಆಫೀಸಿನ ಹುಡುಗಿಗೆ ಹೇಳಿದೆ. ಅಜ್ಜಿಕಥೆ ಕೇಳಿದ ಹಾಗೆ ನೋಡಿದಳು. ಅವಳ ತಲೆಯ ಮೇಲೆ ಇನ್ನೂ ಓದಿನ ಸಾಲ ಇದೆ. ದೇಶದ ಒಟ್ಟು ವಿದ್ಯಾರ್ಥಿ ಸಾಲ 1.6 ಲಕ್ಷ ಕೋಟಿ ಡಾಲರ್ ದಾಟಿದೆ.

ಇಷ್ಟು ಕೇಳಿದರೆ ಬೂಮರ್‌ಗಳದ್ದು ಹೂವಿನ ಹಾಸಿಗೆ ಅನ್ನಿಸುತ್ತದೆ, ಅಲ್ವಾ? ಅದೇ ಮನುಷ್ಯ 1969ರ ಡಿಸೆಂಬರ್ 1ರ ರಾತ್ರಿ ಗೆಳೆಯರ ಜೊತೆ ಟಿವಿ ಮುಂದೆ ಕೂತಿದ್ದರು. ವಿಯೆಟ್ನಾಂ ಯುದ್ಧಕ್ಕೆ ಯಾರನ್ನು ಮೊದಲು ಕರೆಯಬೇಕು ಅಂತ ಸರ್ಕಾರ ಲಾಟರಿ ಎತ್ತುತ್ತಿತ್ತು. ಗಾಜಿನ ಪಾತ್ರೆಯಲ್ಲಿ 366 ನೀಲಿ ಗುಳಿಗೆ, ಒಂದೊಂದರಲ್ಲಿ ಒಂದೊಂದು ಹುಟ್ಟಿದ ತಾರೀಕು. ಮೊದಲು ಬಂದದ್ದು ಸೆಪ್ಟೆಂಬರ್ 14. 1944ರಿಂದ 1950ರೊಳಗೆ ಹುಟ್ಟಿದ ಹುಡುಗರ ಸರದಿ ಆ ರಾತ್ರಿಯೇ ತೀರ್ಮಾನ ಆಯಿತು. ಕೊನೆಗೆ 195ರವರೆಗಿನ ನಂಬರಿನವರನ್ನು ಕರೆದರು. ಇವರದ್ದು ಮುನ್ನೂರರ ಮೇಲೆ. ಪಕ್ಕದಲ್ಲಿ ಕೂತಿದ್ದ ಗೆಳೆಯನದ್ದು ಐವತ್ತರೊಳಗೆ. ಆ ಗೆಳೆಯನ ಬಗ್ಗೆ ಅವರು ಮುಂದೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಯುದ್ಧದಲ್ಲಿ ಸತ್ತ ಅಮೆರಿಕನ್ನರು 58,000ಕ್ಕೂ ಹೆಚ್ಚು. ಕಡ್ಡಾಯ ಸೇನೆ 1973ರಲ್ಲಿ ನಿಂತಿತು. 1964ರಲ್ಲಿ ಹುಟ್ಟಿದ ಬೂಮರ್‌ಗೆ ಆಗ ಒಂಬತ್ತು ವರ್ಷ. ಅವನಿಗೂ ನಮ್ಮ ಪಕ್ಕದ ಮನೆಯವರಿಗೂ ಒಂದೇ ಹಣೆಪಟ್ಟಿ ಅಂಟಿಸಿ ಏನು ಪ್ರಯೋಜನ ಹೇಳಿ.

ಅವರ ಹೆಂಡತಿ ಇನ್ನೂ ಖಡಕ್. ಒಂದು ಭಾನುವಾರ ನಾನು ಮಾತಿನ ಭರದಲ್ಲಿ "ನಿಮ್ಮ ಕಾಲದಲ್ಲಿ ಎಲ್ಲ ಸುಲಭ ಇತ್ತು" ಅಂದುಬಿಟ್ಟೆ. ಆಕೆ ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿ "ಯಾರಿಗೆ?" ಅಂತ ಕೇಳಿದರು. 1973ರಲ್ಲಿ ಅವರು ಟೀಚರ್. ಸಂಬಳ ಗಂಡನಿಗಿಂತ ಜಾಸ್ತಿ. ಕ್ರೆಡಿಟ್ ಕಾರ್ಡ್ ಕೇಳಿದರೆ ಬ್ಯಾಂಕಿನವರು "ಯಜಮಾನರ ಸಹಿ ತನ್ನಿ" ಅಂದರಂತೆ. ಹೆಂಗಸು ಅನ್ನುವ ಕಾರಣಕ್ಕೆ ಸಾಲ ನಿರಾಕರಿಸಬಾರದು ಅನ್ನುವ ಕಾನೂನು ಬಂದದ್ದು 1974ರಲ್ಲಿ. ಬಣ್ಣದ ಕಾರಣಕ್ಕೆ ಮನೆ ಮಾರದೆ ಇರುವುದು, ಬಾಡಿಗೆಗೆ ಕೊಡದೆ ಇರುವುದು ಕಾನೂನುಬಾಹಿರ ಆದದ್ದು 1968ರಲ್ಲಿ. ಯುದ್ಧ ಮುಗಿಸಿ ಬಂದವರಿಗಾಗಿ 1947ರಲ್ಲಿ ನ್ಯೂಯಾರ್ಕ್ ಬಳಿ ಕಟ್ಟತೊಡಗಿದ ಲೆವಿಟೌನ್ ಬಡಾವಣೆಯ ಫೋಟೋ ನೋಡಿರಬಹುದು, ಸಾಲು ಸಾಲು ಪುಟ್ಟ ಮನೆ, ಮುಂದೆ ಹುಲ್ಲು. ಕರಿಯರಿಗೆ ಅಲ್ಲಿ ಪ್ರವೇಶ ಇಲ್ಲ ಅಂತ ಕರಾರಿನಲ್ಲೇ ಬರೆದಿತ್ತು. ಬೂಮರ್‌ಗಳ ಸುಲಭದ ಕಾಲ ಅನ್ನುವಾಗ ನಮ್ಮ ಕಣ್ಣಮುಂದೆ ಬರುವುದು ಬಿಳಿಯ ಗಂಡಸು ಒಬ್ಬನೇ. ಅಂದಿನಿಂದ ನಾನು ಆ ಮಾತು ಆಡುವ ಮುಂಚೆ ಆಕೆಯ ನೀರಿನ ಪೈಪ್ ನೆನೆಸಿಕೊಳ್ಳುತ್ತೇನೆ.

ಕೆಲಸದ ನಿಷ್ಠೆಯ ಮಾತೂ ಬರುತ್ತದೆ. "ನಾವು ಒಂದೇ ಕಂಪನಿಯಲ್ಲಿ ಬದುಕು ಸವೆಸಿದೆವು, ಇವರು ವರ್ಷಕ್ಕೊಂದು ಕಡೆ ಹಾರುತ್ತಾರೆ" ಅನ್ನುವುದು. ಇದು ಅರ್ಧ ಸುಳ್ಳು. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ 1957ರಿಂದ 1964ರೊಳಗೆ ಹುಟ್ಟಿದವರನ್ನು ದಶಕಗಟ್ಟಲೆ ಹಿಂಬಾಲಿಸಿ ಲೆಕ್ಕ ಇಟ್ಟಿದೆ. 18ರಿಂದ ಐವತ್ತರ ನಡುವಯಸ್ಸಿನವರೆಗೆ ಅವರು ಮಾಡಿದ ಕೆಲಸಗಳು ಸರಾಸರಿ 12ಕ್ಕೂ ಹೆಚ್ಚು. ಅದರಲ್ಲಿ ಹತ್ತಿರ ಹತ್ತಿರ ಅರ್ಧ 25 ತುಂಬುವ ಮೊದಲೇ. ಹುಡುಗರು ಯಾವಾಗಲೂ ಹಾರುತ್ತಾರೆ. ಬದಲಾದದ್ದು ಕಂಪನಿ. ಹಿಂದೆ ತುಂಬ ಕಡೆ ಸಾಯುವವರೆಗೂ ಪಿಂಚಣಿ ಕೊಡುವ ಹೊಣೆ ಕಂಪನಿಯದಿತ್ತು. 1978ರ ಒಂದು ತೆರಿಗೆ ಕಾನೂನಿನ ಪುಟ್ಟ ಕಲಮಿನಿಂದ 401ಕೆ ಅನ್ನುವ ನಿವೃತ್ತಿ ಉಳಿತಾಯ ಖಾತೆ ಹುಟ್ಟಿತು. ನೀವೇ ದುಡ್ಡು ಹಾಕಿ, ಷೇರು ಬಿದ್ದರೆ ನೀವೇ ಅನುಭವಿಸಿ. ಮೆಲ್ಲಗೆ ಪಿಂಚಣಿ ಮಾಯವಾಯಿತು. ಕಾಯುವುದಕ್ಕೆ ಏನೂ ಇಲ್ಲದ ಮೇಲೆ ಯಾರು ಕಾಯುತ್ತಾರೆ?

ಇನ್ನು ಬೈಗುಳ. 2019ರಲ್ಲಿ ನ್ಯೂಜಿಲೆಂಡ್ ಸಂಸತ್ತಿನಲ್ಲಿ 25 ವರ್ಷದ ಸದಸ್ಯೆ ಕ್ಲೋಯಿ ಸ್ವಾರ್‌ಬ್ರಿಕ್ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ಮಧ್ಯೆ ಯಾರೋ ಕೂಗಿದರು. ಆಕೆ ತಣ್ಣಗೆ "ಓಕೆ ಬೂಮರ್", ಅಂದರೆ "ಆಯ್ತು ಬಿಡಿ ಮುದುಕರೇ" ಅನ್ನುವ ಧಾಟಿಯಲ್ಲಿ, ಅಂದು ಮಾತು ಮುಂದುವರಿಸಿದರು. ಆ ಎರಡು ಪದ ಜಗತ್ತೆಲ್ಲ ಸುತ್ತಿತು, ಬೂಮರ್‌ಗಳಿಗೆ ತುಂಬ ನೋವಾಯಿತು. ಆದರೆ 1964ರಲ್ಲಿ ಬರ್ಕ್ಲಿಯ ವಿದ್ಯಾರ್ಥಿ ಚಳವಳಿಯಿಂದ ಹೊರಟ "ಮೂವತ್ತು ದಾಟಿದವರನ್ನು ನಂಬಬೇಡಿ" ಅನ್ನುವ ಮಾತನ್ನು ಬಾಯಿಪಾಠ ಮಾಡಿದವರು ಇವರೇ ಅಲ್ಲವೇ? ತಮಾಷೆ ಏನೆಂದರೆ, ಅದನ್ನು ಹೇಳಿದ ಜಾಕ್ ವೈನ್‌ಬರ್ಗ್ ಹುಟ್ಟಿದ್ದು 1940ರಲ್ಲಿ, ಅವರು ಬೂಮರ್ ಅಲ್ಲವೇ ಅಲ್ಲ. 1976ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಆ ದಶಕಕ್ಕೆ "ನಾನು ದಶಕ" ಅಂತ ಹೆಸರಿಟ್ಟು ಅಂದಿನವರನ್ನು ಚುಚ್ಚಿತು. 2013ರಲ್ಲಿ ಟೈಮ್ ಪತ್ರಿಕೆ ಮುಖಪುಟದಲ್ಲೇ ನಮ್ಮನ್ನು "ನಾನು ನಾನು ನಾನು ತಲೆಮಾರು" ಅಂತ ಕರೆಯಿತು. ಒಂದು "ನಾನು" ಮೂರಾಯಿತು. ಬೆಲೆಯೇರಿಕೆ ಇದಕ್ಕೂ ಬಂದಿದೆ.

ಒಂದು ದೂರು ಮಾತ್ರ ನನಗೆ ಪೂರ್ತಿ ನಿಜ ಅನ್ನಿಸುತ್ತದೆ. ಕುರ್ಚಿ ಬಿಡುವುದಿಲ್ಲ ಅನ್ನುವುದು. ಬಿಲ್ ಕ್ಲಿಂಟನ್, ಜಾರ್ಜ್ ಡಬ್ಲ್ಯು. ಬುಷ್, ಡೊನಾಲ್ಡ್ ಟ್ರಂಪ್, ಮೂವರೂ ಹುಟ್ಟಿದ್ದು 1946ರ ಜೂನ್‌ನಿಂದ ಆಗಸ್ಟ್ ಒಳಗೆ. ಒಂದೇ ಬೇಸಿಗೆಯ ಮೂರು ಕೂಸುಗಳು. 1993ರಿಂದ ಇಲ್ಲಿಯವರೆಗೆ ಬೂಮರ್ ಅಲ್ಲದ ಅಧ್ಯಕ್ಷ ಜೋ ಬೈಡನ್ ಒಬ್ಬರೇ. ಅವರು ಇನ್ನೂ ಹಿರಿಯರು, 1942ರವರು!

ಹಾಗಾದರೆ ಹಣೆಪಟ್ಟಿಗಳಿಗೆ ಬೆಲೆ ಇದೆಯಾ? 2021ರಲ್ಲಿ ನೂರಕ್ಕೂ ಹೆಚ್ಚು ಸಮಾಜಶಾಸ್ತ್ರಜ್ಞರು, ಜನಸಂಖ್ಯಾ ತಜ್ಞರು, ತಲೆಮಾರುಗಳ ಹೆಸರಿನಲ್ಲಿ ಜನಾಭಿಪ್ರಾಯ ಸಮೀಕ್ಷೆ ಮಾಡುವ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರಕ್ಕೆ ಬಹಿರಂಗ ಪತ್ರ ಬರೆದು, ಈ ಹೆಸರುಗಳನ್ನು ಬಳಸಬೇಡಿ ಎಂದರು. 2023ರಲ್ಲಿ ಪ್ಯೂ ಕೂಡ ಇನ್ನು ಕಮ್ಮಿ ಬಳಸುತ್ತೇವೆ ಅಂದಿತು. ನನಗೆ ಅನ್ನಿಸುವುದೂ ಅದೇ. ತಲೆಮಾರಿಗಿಂತ ನೀವು ಕೌಂಟರ್ ಮುಂದೆ ನಿಂತ ವರ್ಷ ಮುಖ್ಯ. ಪಕ್ಕದ ಮನೆಯವರು 1979ರಲ್ಲಿ ಮನೆ ಸಾಲ ತೆಗೆದಾಗ ಬಡ್ಡಿ ಸುಮಾರು ಶೇ 11. ಎರಡೇ ವರ್ಷದಲ್ಲಿ, 1981ರ ಅಕ್ಟೋಬರ್‌ನಲ್ಲಿ, ಅದು ಶೇ 18 ದಾಟಿತು. ನಾನು 2021ರಲ್ಲಿ ತೆಗೆದದ್ದು ಶೇ 3ಕ್ಕೆ. 2023ರ ಅಕ್ಟೋಬರ್‌ನಲ್ಲಿ ಶೇ 8ರ ಹತ್ತಿರ ಹೋಗಿತ್ತು. ಆ ಹುಡುಗಿ ಮನೆ ಹುಡುಕಲು ಶುರು ಮಾಡಿದ್ದು ಆಗಲೇ. ಅವಳ ಲೆಕ್ಕದಲ್ಲಿ ಮೊದಲು ಬಂದು ಕೂತವನು ಈಗ ನಾನು. ಒಮ್ಮೆ ಮುಖದ ಮೇಲೇ ಹೇಳಿದಳು.

ಪಕ್ಕದ ಮನೆಯವರಿಗೊಬ್ಬಳು ಮಗಳಿದ್ದಾಳೆ, ನನಗಿಂತ ಐದು ವರ್ಷ ದೊಡ್ಡವಳು. ಸ್ಯಾಕ್ರಮೆಂಟೊದಲ್ಲಿ ಬಾಡಿಗೆ ಮನೆ. ಇಲ್ಲಿ ನಾಲ್ಕು ಬೆಡ್‌ರೂಮಿನಲ್ಲಿ ಇಬ್ಬರು ಮುದುಕರು, ಮೆಟ್ಟಿಲು ಹತ್ತಿದರೆ ಇಬ್ಬರಿಗೂ ಮಂಡಿ ನೋವು. 2020ರಲ್ಲಿ ಗೆದ್ದ ಪ್ರಾಪೊಸಿಷನ್ 19ರ ಪ್ರಕಾರ 55 ದಾಟಿದವರು ಬೇರೆ ಮನೆಗೆ ಹೋದರೆ ಹಳೇ ತೆರಿಗೆ ಲೆಕ್ಕವನ್ನು ಜೊತೆಗೆ ಒಯ್ಯಬಹುದು. ಆದರೆ ಅಪ್ಪ-ಅಮ್ಮನ ಮನೆ ಮಕ್ಕಳಿಗೆ ಬಂದಾಗ, ಅವರು ಒಂದು ವರ್ಷದೊಳಗೆ ಅಲ್ಲೇ ಬಂದು ವಾಸ ಮಾಡದಿದ್ದರೆ ಹಳೇ ಲೆಕ್ಕ ರದ್ದು. ಮಗಳ ಕೆಲಸ ಅಲ್ಲಿ, ಮನೆ ಇಲ್ಲಿ. ಈ ವಿಷಯ ಅಪ್ಪ-ಮಗಳು ಎದುರುಬದುರು ಕೂತು ಮಾತಾಡಿದ್ದೇ ಇಲ್ಲವಂತೆ. ಅವರು ಫೋನ್ ಮಾಡುತ್ತಾರೆ, ಅವಳು ಎತ್ತುವುದಿಲ್ಲ. ಸಂಜೆ ಉದ್ದನೆಯ ಮೆಸೇಜ್ ಕಳಿಸುತ್ತಾಳೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಒಂದು ಹೆಬ್ಬೆರಳು ಹಾಕುತ್ತಾರೆ.